ಬೈಪಾಸ್: ರೋಗಿ ಕೇಳಬೇಕಾದ ಪ್ರಶ್ನೆ

ಬೈಪಾಸ್ ಶಸ್ತ್ರಚಿಕಿತ್ಸೆ ಅನಿವಾರ್ಯವೆಂದಾದಾಗ ರೋಗಿಯ ಮನೆಯವರ ಮುಂದೆ ಎರಡು ವಿಧಾನಗಳ ಪ್ರಸ್ತಾಪ ಬರುವುದುಂಟು. ಹೃದಯವನ್ನು ನಿಲ್ಲಿಸಿ, ರಕ್ತ ಪರಿಚಲನೆಯ ಹೊಣೆಯನ್ನು ಹಾರ್ಟ್-ಲಂಗ್ ಯಂತ್ರಕ್ಕೆ ವಹಿಸಿ ಮಾಡುವುದು ಒಂದು. ಯಂತ್ರವಿಲ್ಲದೆ, ಮಿಡಿಯುತ್ತಿರುವ ಹೃದಯದ ಮೇಲೆಯೇ ಮಾಡುವುದು ಇನ್ನೊಂದು. ಎರಡನೆಯದು ‘ಬೀಟಿಂಗ್ ಹಾರ್ಟ್ ಸರ್ಜರಿ’ ಎಂಬ ಹೆಸರಿನಲ್ಲಿ, ಅದೇ ಶ್ರೇಷ್ಠವೆಂಬಂತೆ ಪ್ರಚಾರ ಪಡೆದಿದೆ. ಈ ನಂಬಿಕೆಗೆ ಆಧಾರವೆಷ್ಟು?

ಯಂತ್ರವನ್ನು ದೂರವಿಡುವುದಕ್ಕೆ ಕಾರಣಗಳಿಲ್ಲದಿಲ್ಲ. ರಕ್ತವು ಕೃತಕ ಕೊಳವೆಗಳಲ್ಲಿ ಹರಿದಾಗ ದೇಹದಲ್ಲಿ ಉರಿಯೂತ ಉಂಟಾಗುತ್ತದೆ. ಮಹಾಪಧಮನಿಗೆ ಕ್ಲಾಂಪ್ ಹಾಕುವಾಗ ಅದರ ಗೋಡೆಯ ಕಣಗಳು ಕಳಚಿ ಮಿದುಳನ್ನು ಸೇರಿದರೆ ಪಾರ್ಶ್ವವಾಯು ಬಡಿಯಬಹುದು. ಆದರೆ ಚಲಿಸುತ್ತಿರುವ ಹೃದಯದ ಮೇಲೆ, ಒಂದೆರಡು ಮಿಲಿಮೀಟರ್ ಅಗಲದ ರಕ್ತನಾಳಕ್ಕೆ ಹೊಲಿಗೆ ಹಾಕುವುದು ಬಲು ಕಠಿಣವಾದ ಕೆಲಸ.

ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ 2203 ರೋಗಿಗಳ ಮೇಲೆ ನಡೆದ ‘ರೂಬಿ’ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ವರ್ಷದ ನಂತರ ಜೋಡಿಸಿದ ನಾಳಗಳಲ್ಲಿ ತೆರೆದೇ ಉಳಿದವು ಯಂತ್ರ ಬಳಸಿದವರಲ್ಲಿ ಶೇ 87.8, ಬಳಸದವರಲ್ಲಿ ಶೇ 82.6. ಐದು ವರ್ಷಗಳಲ್ಲಿ ಮರಣ ಪ್ರಮಾಣ ಕ್ರಮವಾಗಿ ಶೇ 11.9 ಮತ್ತು ಶೇ 15.2. ಆದರೆ ಭಾರತವೂ ಸೇರಿದಂತೆ 19 ದೇಶಗಳ 4752 ರೋಗಿಗಳನ್ನು ಒಳಗೊಂಡ ‘ಕರೊನರಿ’ ಅಧ್ಯಯನದಲ್ಲಿ ಐದು ವರ್ಷಗಳ ಒಟ್ಟಾರೆ ಫಲಿತಾಂಶ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಯಂತ್ರವಿಲ್ಲದೆ ಶಸ್ತ್ರಚಿಕಿತ್ಸೆಯಾದವರಿಗೆ ಆರಂಭದಲ್ಲಿ ರಕ್ತ ಕೊಡಬೇಕಾದ ಸಂದರ್ಭಗಳೂ ಕಡಿಮೆಯಿದ್ದವು.

ಈ ಅಂತರಕ್ಕೆ ಒಂದು ಮುಖ್ಯ ವಿವರಣೆಯೆಂದರೆ ಅನುಭವ. ಮೊದಲನೆಯ ಅಧ್ಯಯನದ ಶಸ್ತ್ರವೈದ್ಯರಿಗೆ ಯಂತ್ರರಹಿತ ವಿಧಾನದ 20 ಶಸ್ತ್ರಚಿಕಿತ್ಸೆಗಳ ಅನುಭವವಿದ್ದರೆ ಸಾಕಿತ್ತು. ಎರಡನೆಯದರಲ್ಲಿ ತಾವು ಅನುಸರಿಸುವ ವಿಧಾನದಲ್ಲಿ ನೂರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಮಾಡಿರಬೇಕಿತ್ತು. ಮಹಾಪಧಮನಿಯಲ್ಲಿ ಸುಣ್ಣ ಕಟ್ಟಿದಂಥ ರೋಗಿಗೆ ಯಂತ್ರರಹಿತ ವಿಧಾನ ಲೇಸಾಗಬಹುದು, ಆದರೆ ಅದರಲ್ಲಿ ಪಳಗಿದ ಕೈಯಲ್ಲಿ ಮಾತ್ರ.

ಆ ಕೈ ಯಾರದೆಂದು ರೋಗಿಗೆ ತಿಳಿಯುವುದು ಹೇಗೆ? ವೈದ್ಯಕೀಯದಲ್ಲಿ ಮಾರುವವನಿಗೆ ತಿಳಿದಷ್ಟು ಕೊಳ್ಳುವವನಿಗೆ ತಿಳಿದಿರುವುದಿಲ್ಲವೆಂದು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ವಿವರಿಸಿದ್ದರು. ಈ ಕೊರತೆಯನ್ನು ತುಂಬಬೇಕಾದದ್ದು ಸರ್ಕಾರ. ನ್ಯೂಯಾರ್ಕ್ ರಾಜ್ಯವು 1990ರ ದಶಕದ ಆರಂಭದಿಂದ ಆಸ್ಪತ್ರೆವಾರು, ಶಸ್ತ್ರವೈದ್ಯವಾರು ಬೈಪಾಸ್ ಮರಣ ಪ್ರಮಾಣವನ್ನು ಪ್ರಕಟಿಸುತ್ತಾ ಬಂದಿದೆ. ಹಾಗೆ ಮಾಡಿದರೆ ವೈದ್ಯರು ಕಷ್ಟದ ರೋಗಿಗಳನ್ನು ದೂರವಿಡುತ್ತಾರೆಂಬ ಆಕ್ಷೇಪದಲ್ಲಿ ಹುರುಳಿದೆ. ಆದ್ದರಿಂದಲೇ ರೋಗದ ತೀವ್ರತೆಯನ್ನು ಲೆಕ್ಕಕ್ಕೆ ಹಿಡಿದು ಅಂಕಿಗಳನ್ನು ಅಲ್ಲಿ ಪರಿಷ್ಕರಿಸಲಾಗುತ್ತದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬೈಪಾಸ್‌ಗೆ ಹಣ ತೆರುವುದು ಸಾರ್ವಜನಿಕ ಬೊಕ್ಕಸ. ಸರ್ಕಾರದ ಕಡತಗಳ ನಡುವೆ ಬದುಕು ಕಳೆದ ನಾನು ಬಲ್ಲೆ: ಬಿಲ್ಲು ಪಾವತಿಸುವವನಿಗೆ ಲೆಕ್ಕ ಕೇಳುವ ಅಧಿಕಾರವೂ ಇರುತ್ತದೆ. ಪ್ರತಿ ವಿಧಾನದಲ್ಲಿ ಎಷ್ಟು ಶಸ್ತ್ರಚಿಕಿತ್ಸೆಗಳಾದವು, ಎಷ್ಟು ಮಂದಿ ಬದುಕುಳಿದರು ಎಂಬುದನ್ನು ಪ್ರಕಟಿಸುವುದು ಯೋಜನೆಗೆ ಸೇರುವ ಆಸ್ಪತ್ರೆಗಳಿಗೆ ಷರತ್ತಾಗಲಿ. ಅಲ್ಲಿಯವರೆಗೆ ರೋಗಿಗಳು ‘ಯಂತ್ರ ಬಳಸುವಿರಾ?’ ಎಂದಷ್ಟೇ ವಿಚಾರಿಸಿ ಸುಮ್ಮನಾಗದೆ, ‘ಈ ವಿಧಾನದಲ್ಲಿ ನೀವು ಎಷ್ಟು ಮಂದಿಗೆ ಶಸ್ತ್ರಚಿಕಿತ್ಸೆ ಮಾಡಿದ್ದೀರಿ, ಫಲಿತಾಂಶವೇನು?’ ಎಂದು ಕೇಳಲು ಹಿಂಜರಿಯಬಾರದು.