ಫ್ಯೂಚರಿಸ್ಟಿಕ್ ರೇಸಿಂಗ್ ಗೇಮ್: ‘ಬೂಸ್ಟರ್’ ಆ್ಯಪ್ ಹಾಕಿದರೆ ನಿಜಕ್ಕೂ ವೇಗ ಹೆಚ್ಚುತ್ತದೆಯೇ?

‘ಈ ಆ್ಯಪ್ ಹಾಕಿಕೊಳ್ಳಿ, ಗೇಮ್ ರಾಕೆಟ್‌ನಂತೆ ಓಡುತ್ತದೆ’ ಎನ್ನುವ ಬಗೆಯ ಸಂದೇಶಗಳು ಗೇಮ್ ಆಡುವವರ ಗ್ರೂಪ್‌ಗಳಲ್ಲಿ ಸುತ್ತುತ್ತಲೇ ಇರುತ್ತವೆ. ಜೊತೆಗೊಂದು ಎಪಿಕೆ ಫೈಲ್. ರೇಸಿಂಗ್ ಗೇಮ್‌ನಲ್ಲಿ ಪದೇ ಪದೇ ಸೋಲುವವರಿಗೆ ಇದು ಬೇಗ ನಾಟುತ್ತದೆ. ಗೆಲ್ಲುವವರ ಬೆರಳು ಮಿಂಚಿನಂತೆ ಓಡುತ್ತದೆ, ನಮ್ಮ ಬೆರಳೋ ಫೋನೋ ನಿಧಾನ ಎಂಬ ನಂಬಿಕೆ ಮೊದಲೇ ಮನಸ್ಸಿನಲ್ಲಿ ಕೂತಿರುತ್ತದೆ. ಈ ನಂಬಿಕೆ ಎಷ್ಟು ಸರಿ ಎಂದು ತಿಳಿಯಲು ಅತಿ ವೇಗದ ಗೇಮ್‌ಗಳನ್ನೇ ನೋಡೋಣ.

ನೆಲಕ್ಕೆ ತಾಗದೆ ತೇಲುತ್ತ ಓಡುವ ವಾಹನಗಳ ರೇಸ್ ಎಂದರೆ ಎರಡು ಹೆಸರು ಮೊದಲು ನೆನಪಾಗುತ್ತವೆ. ಒಂದು, ಜಪಾನಿನ ನಿಂಟೆಂಡೊ 1990ರಲ್ಲಿ ತಂದ ‘ಎಫ್-ಝೀರೋ’. ಇನ್ನೊಂದು, ಇಂಗ್ಲೆಂಡಿನ ಲಿವರ್‌ಪೂಲ್‌ನ ಸಿಗ್ನೋಸಿಸ್ ಕಂಪನಿ 1995ರಲ್ಲಿ ಹೊರತಂದ ‘ವೈಪೌಟ್’. ಮೊದಲನೆಯದರ ಕಥೆ ನಡೆಯುವುದು 2560ರಲ್ಲಿ, ಎರಡನೆಯದು 2052ರಲ್ಲಿ. ವಾಹನಗಳೇನೋ ಭವಿಷ್ಯದವು, ಆದರೆ ಓಡಿಸುವ ಮೆದುಳು ನಮ್ಮದೇ ಕಾಲದ್ದು. ತೊಂದರೆ ಶುರುವಾಗುವುದೇ ಅಲ್ಲಿ.

ಕಣ್ಣಿಗೆ ಕಂಡದ್ದಕ್ಕೆ ಬೆರಳು ಸ್ಪಂದಿಸಲು ಆರೋಗ್ಯವಂತ ಯುವಜನರಿಗೂ ಸುಮಾರು 200ರಿಂದ 250 ಮಿಲಿಸೆಕೆಂಡ್ ಬೇಕು. ಅಭ್ಯಾಸದಿಂದ ಸ್ವಲ್ಪ ತಗ್ಗಬಹುದು, ಅರ್ಧಕ್ಕೆ ಇಳಿಯುವುದಿಲ್ಲ. ಈಗ ಲೆಕ್ಕ ಹಾಕಿ. ಗಂಟೆಗೆ 500 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿನಲ್ಲಿ 139 ಮೀಟರ್ ಸಾಗುತ್ತದೆ. ಕಾಲು ಸೆಕೆಂಡಿನಲ್ಲಿ ಸುಮಾರು 35 ಮೀಟರ್, ಅಂದರೆ ಸಾಲಾಗಿ ನಿಂತ ಮೂರು ಸಿಟಿ ಬಸ್ಸುಗಳಷ್ಟು ಉದ್ದ. ತಿರುವು ಮೂಗಿನ ಮುಂದೆ ಬಂದ ಮೇಲೆ ಬಟನ್ ಒತ್ತಲು ಹೊರಟರೆ, ಬೆರಳು ಎಷ್ಟೇ ಚುರುಕಾಗಿರಲಿ, ಗೋಡೆಗೆ ಬಡಿಯುವುದು ಖಚಿತ. ನುರಿತ ಆಟಗಾರರು ತಿರುವು ಬರುವ ಮೊದಲೇ ತಿರುಗಿಸಲು ಶುರು ಮಾಡಿರುತ್ತಾರೆ. ನೋಡುವವರಿಗೆ ಮಾತ್ರ ಅದು ಮಿಂಚಿನ ಪ್ರತಿಕ್ರಿಯೆಯಂತೆ ಕಾಣುತ್ತದೆ.

ಮೊದಲೇ ಹೇಗೆ ಗೊತ್ತಾಗುತ್ತದೆ? ಮೈಕೆಲ್ ಲ್ಯಾಂಡ್ ಮತ್ತು ಡೇವಿಡ್ ಲೀ ಎಂಬ ವಿಜ್ಞಾನಿಗಳು ನಿಜವಾದ ರಸ್ತೆಯಲ್ಲಿ ಕಾರು ಓಡಿಸುವವರ ಕಣ್ಣಿನ ಚಲನೆಯನ್ನು ಅಳೆದು, 1994ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಚಾಲಕರ ದೃಷ್ಟಿ ತಿರುವಿಗೆ 1ರಿಂದ 2 ಸೆಕೆಂಡ್ ಮೊದಲೇ ಅದರ ಒಳ ಅಂಚಿಗೆ ಹೋಗಿ ನಿಲ್ಲುತ್ತಿತ್ತು. ಗೇಮ್‌ನಲ್ಲಿ ಹೊಸಬರು ಮಾಡುವುದು ಇದಕ್ಕೆ ತದ್ವಿರುದ್ಧ: ಪರದೆಯ ನಡುವೆ ಹೊಳೆಯುವ ತಮ್ಮ ವಾಹನವನ್ನೇ ನೋಡುತ್ತಿರುತ್ತಾರೆ. (ಅದನ್ನು ಅಷ್ಟು ಚೆಂದ ಮಾಡಿಟ್ಟಿರುತ್ತಾರೆ, ತಪ್ಪು ಪೂರ್ತಿ ನಮ್ಮದೇ ಅಲ್ಲ.) ದೃಷ್ಟಿಯನ್ನು ಅಲ್ಲಿಂದ ಎತ್ತಿ ಮುಂದಿನ ತಿರುವಿನ ಒಳ ಅಂಚಿಗೆ ಒಯ್ಯಿರಿ. ಮೊದಮೊದಲು ಕಸಿವಿಸಿಯಾಗುತ್ತದೆ, ಆದರೂ ಬಿಡಬೇಡಿ. ಇನ್ನು ಏರು ದಾಟಿದ ಮೇಲೆ ಕಾಣುವ ತಿರುವುಗಳಿಗೆ ಟ್ರ್ಯಾಕ್ ಬಾಯಿಪಾಠವಾಗದೆ ಬೇರೆ ದಾರಿಯಿಲ್ಲ.

ಆಮೇಲೆ ಬರುವುದು ದಾರಿಯ ಆಯ್ಕೆ. ತಿರುವಿನ ತ್ರಿಜ್ಯ ಎರಡು ಪಟ್ಟಾದರೆ, ಅದೇ ಹಿಡಿತದಲ್ಲಿ ಸುಮಾರು ಶೇ 40ರಷ್ಟು ಹೆಚ್ಚು ವೇಗದಲ್ಲಿ ತಿರುಗಬಹುದು. ಹೊರ ಅಂಚಿನಿಂದ ಒಳಗೆ ಬಂದು ಮತ್ತೆ ಹೊರಕ್ಕೆ ಹೋಗಿ ಎನ್ನುವ ರೇಸಿಂಗ್ ಪಾಠದ ಗುಟ್ಟು ಇಷ್ಟೇ: ಬಾಗನ್ನು ಆದಷ್ಟು ದೊಡ್ಡದಾಗಿಸುವುದು. ವೈಪೌಟ್‌ನಲ್ಲಿ ಇದಕ್ಕೆಂದೇ ಎಡಕ್ಕೊಂದು, ಬಲಕ್ಕೊಂದು ಏರ್‌ಬ್ರೇಕ್ ಇದೆ. ಹೊಸಬರು ಅದನ್ನು ಮುಟ್ಟುವುದೇ ಇಲ್ಲ, ಇಲ್ಲವೇ ಗಾಬರಿಯಲ್ಲಿ ಅದುಮಿ ಹಿಡಿದು ವೇಗವನ್ನೆಲ್ಲ ಕಳೆದುಕೊಳ್ಳುತ್ತಾರೆ. ತಿರುವಿಗೆ ಮುಂಚೆ ಚಿಕ್ಕದಾಗಿ ಒತ್ತಿ, ಮೂಗು ಹೊರದಾರಿಯತ್ತ ತಿರುಗಿದ ಕೂಡಲೇ ಬಿಡಬೇಕು. ಗೋಡೆಗೆ ಉಜ್ಜಿಕೊಂಡು ಹೋಗುವುದಕ್ಕಿಂತ ತುಸು ಬೇಗ ನಿಧಾನಿಸುವುದೇ ಅಗ್ಗ. ಯಾಕೆಂದರೆ ಹೊರಬರುವಾಗ ಇರುವ ವೇಗವೇ ಮುಂದಿನ ನೇರ ದಾರಿಯುದ್ದಕ್ಕೂ ಜೊತೆಗಿರುತ್ತದೆ. ವೈಪೌಟ್ ಎಚ್‌ಡಿಯಲ್ಲಿ ‘ವೆನಮ್’ ಎಂಬ ಅತಿ ನಿಧಾನದ ದರ್ಜೆ ಇದೆ. ನಾಚಿಕೆ ಬಿಟ್ಟು ಅಲ್ಲಿಂದಲೇ ಕಲಿಯಿರಿ.

ಬೂಸ್ಟ್ ಬಟನ್ ಸಿಕ್ಕಿದ ಕೂಡಲೇ ಒತ್ತುವವರೇ ಜಾಸ್ತಿ. 1998ರ ‘ಎಫ್-ಝೀರೋ ಎಕ್ಸ್’ನಲ್ಲಾಗಲಿ, 99 ಜನ ಒಟ್ಟಿಗೆ ಆಡುವ 2023ರ ‘ಎಫ್-ಝೀರೋ 99’ರಲ್ಲಾಗಲಿ, ಬೂಸ್ಟ್‌ಗೆ ಖರ್ಚಾಗುವುದು ವಾಹನದ ಜೀವಶಕ್ತಿಯೇ. ಅದೇ ಪಟ್ಟಿ ಖಾಲಿಯಾದರೆ ಮುಂದಿನ ಡಿಕ್ಕಿಗೆ ಆಟ ಮುಗಿದಂತೆ. ತಿರುವಿನ ಮುಂದೆ ಒತ್ತಿದರೆ ಸಾಲ ಮಾಡಿ ಗೋಡೆಗೆ ಗುದ್ದಿದ ಹಾಗೆ. ತಿರುವು ದಾಟಿ ಉದ್ದನೆಯ ನೇರ ದಾರಿ ಕಂಡಾಗ ಒತ್ತಿದರೆ ಮಾತ್ರ ಪೂರ್ತಿ ಲಾಭ.

ಈಗ ಆ ಎಪಿಕೆ ವಿಷಯ. ಬೂಸ್ಟರ್ ಆ್ಯಪ್‌ಗಳು ಹೆಚ್ಚೆಂದರೆ ಹಿನ್ನೆಲೆಯ ಆ್ಯಪ್‌ಗಳನ್ನು ಮುಚ್ಚುತ್ತವೆ, ನೋಟಿಫಿಕೇಷನ್ ತಡೆಯುತ್ತವೆ. ಮೆಮೊರಿ ನಿಭಾಯಿಸುವ ಕೆಲಸವನ್ನು ಆಂಡ್ರಾಯ್ಡ್ ತಾನೇ ಮಾಡುತ್ತದೆ. ಚಿಪ್‌ನ ಸಾಮರ್ಥ್ಯ ಯಾವ ಆ್ಯಪ್‌ನಿಂದಲೂ ಬೆಳೆಯುವುದಿಲ್ಲ. ಅಪರಿಚಿತ ಎಪಿಕೆ ಎಸ್‌ಎಂಎಸ್ ಅಥವಾ ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳಿದರಂತೂ ಅಲ್ಲಿಗೇ ನಿಲ್ಲಿಸಿ. ಗೇಮ್‌ಗೆ ನಿಮ್ಮ ಒಟಿಪಿ ಓದುವ ಕೆಲಸವೇನಿದೆ? ಬ್ಯಾಂಕ್ ಖಾತೆ ಬರಿದಾಗಲು ಆ ಎರಡು ಅನುಮತಿ ಸಾಕು. ಫೋನ್ ನಿಜಕ್ಕೂ ತಡವರಿಸುತ್ತಿದ್ದರೆ ಬಿಸಿಯಾಗಿದೆಯೇ ನೋಡಿ. ಬಿಸಿಯಾದಾಗ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕವರ್ ತೆಗೆಯಿರಿ, ಚಾರ್ಜ್‌ಗೆ ಹಾಕಿಕೊಂಡು ಆಡಬೇಡಿ. ಟಿವಿಯಲ್ಲಿ ಆಡುವವರು ‘ಗೇಮ್ ಮೋಡ್’ ಆನ್ ಮಾಡಿ. ಅದಿಲ್ಲದಿದ್ದರೆ ಕೆಲವು ಟಿವಿಗಳಲ್ಲಿ ಚಿತ್ರ 100 ಮಿಲಿಸೆಕೆಂಡಿಗಿಂತಲೂ ತಡವಾಗಿ ಬರುತ್ತದೆ.

ರಾತ್ರಿಯಿಡೀ ಆಡಿದರೆ ಕೈ ಪಳಗುತ್ತದೆ ಎನ್ನುವವರಿಗೂ ಒಂದು ಮಾಹಿತಿ. ಟಾಮ್ ಸ್ಟಾಫರ್ಡ್ ಮತ್ತು ಮೈಕ್ ಡ್ಯೂವರ್ 2014ರಲ್ಲಿ ಒಂದು ಆನ್‌ಲೈನ್ ಗೇಮ್‌ನ 8.5 ಲಕ್ಷಕ್ಕೂ ಹೆಚ್ಚು ಆಟಗಾರರ ಅಂಕಗಳನ್ನು ವಿಶ್ಲೇಷಿಸಿದರು. ಅದು ರೇಸಿಂಗ್ ಗೇಮ್ ಅಲ್ಲ, ಕ್ಲಿಕ್ ಮಾಡುತ್ತ ಸಾಗುವ ಸರಳ ಆಟ. ಆದರೂ ಅಷ್ಟೇ ಸಲ ಆಡಿದವರಲ್ಲಿ, ಒಂದೇ ಸಮನೆ ಆಡಿದವರಿಗಿಂತ ನಡುವೆ ಬಿಡುವು ಕೊಟ್ಟು ಆಡಿದವರು ಮುಂದೆ ಹೆಚ್ಚು ಅಂಕ ಗಳಿಸಿದ್ದರು. ನಿದ್ದೆಗೆಟ್ಟರೆ ಪ್ರತಿಕ್ರಿಯೆಯ ಸಮಯವೂ ಉದ್ದವಾಗುತ್ತದೆ. ಒಂದೇ ಟ್ರ್ಯಾಕ್ ಆರಿಸಿ, ಟೈಮ್ ಟ್ರಯಲ್‌ನಲ್ಲಿ ಅರ್ಧ ಗಂಟೆ ಆಡಿ, ನಾಳೆ ಮತ್ತೆ ಅದೇ ಟ್ರ್ಯಾಕ್‌ಗೆ ಬನ್ನಿ.