ಯಾರ ದುಡ್ಡು, ಯಾರ ದಕ್ಷತೆ?

ಒಂದು ಕಂಪನಿ ದಾಸ್ತಾನನ್ನು ಎಷ್ಟು ಬೇಗ ನಗದು ಮಾಡಿಕೊಳ್ಳುತ್ತದೆ ಎಂದು ಅಳೆಯಲು ಹಣಕಾಸಿನವರ ಬಳಿ ಒಂದು ಸೂತ್ರವಿದೆ. ಸರಕು ಗೋದಾಮಿನಲ್ಲಿ ಕೂತ ದಿನಗಳಿಗೆ ಗಿರಾಕಿಯಿಂದ ಹಣ ಬರಲು ಹಿಡಿದ ದಿನಗಳನ್ನು ಕೂಡಿಸಬೇಕು. ಪೂರೈಕೆದಾರರಿಗೆ ಹಣ ಕೊಡಲು ತೆಗೆದುಕೊಂಡ ದಿನಗಳನ್ನು ಕಳೆಯಬೇಕು. ಉಳಿದದ್ದು ನಗದು ಪರಿವರ್ತನಾ ಚಕ್ರ. ಅದು ಚಿಕ್ಕದಾದಷ್ಟೂ ಕಂಪನಿ ದಕ್ಷ, ಸೊನ್ನೆಗಿಂತ ಕೆಳಗಿಳಿದರಂತೂ ಭೇಷ್ ಎನ್ನುವುದು ರೂಢಿ.

ಈ ಕಳೆಯುವ ಲೆಕ್ಕದಲ್ಲೇ ಮೋಸವಿದೆ.

ಎರಡು ಕಾರ್ಖಾನೆಗಳನ್ನು ಊಹಿಸಿಕೊಳ್ಳಿ. ಮೊದಲನೆಯದರಲ್ಲಿ ಸರಕು 20 ದಿನ ಇರುತ್ತದೆ, ವಸೂಲಿಗೆ 10 ದಿನ, ಪೂರೈಕೆದಾರರಿಗೆ 15 ದಿನದಲ್ಲಿ ಪಾವತಿ. ಚಕ್ರ 15 ದಿನ. ಎರಡನೆಯದರಲ್ಲಿ ಸರಕು 40, ವಸೂಲಿ 20. ಆದರೆ ಪೂರೈಕೆದಾರರು 75 ದಿನ ಕಾಯಬೇಕು. ಚಕ್ರ ಮೈನಸ್ 15. ಸರಕನ್ನು ಹಣವಾಗಿಸಲು ದುಪ್ಪಟ್ಟು ಸಮಯ ತೆಗೆದುಕೊಂಡ ಕಾರ್ಖಾನೆಗೇ ಹೆಚ್ಚು ಅಂಕ!

ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ರಾತ್ರಿಯ ಹಿಟ್ಟು ಬೆಳಿಗ್ಗೆ ಇಡ್ಲಿಯಾಗಿ, ಇಡ್ಲಿ ತಿಂದವರ ಹಣ ಆಗಲೇ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ಆ ವೇಗ ಅಡುಗೆಮನೆಯದ್ದು, ಕೆಲಸದವರದ್ದು. ದಿನಸಿ ಅಂಗಡಿಯ ಬಾಕಿಯನ್ನು ಇನ್ನೊಂದು ತಿಂಗಳು ಎಳೆದರೆ ಇಡ್ಲಿಯೇನೂ ಬೇಗ ಬೇಯುವುದಿಲ್ಲ. ಸೂತ್ರದ ಪ್ರಕಾರ ಮಾತ್ರ ಹೋಟೆಲು ಇನ್ನಷ್ಟು ಚುರುಕಾಯಿತು.

ಒಬ್ಬರು ಕೊಡದ ದಿನ ಇನ್ನೊಬ್ಬರು ಕಾಯುವ ದಿನ. ದೊಡ್ಡ ಕಂಪನಿಯ ಲೆಕ್ಕದಲ್ಲಿ ಕಳೆದ 75, ಚಿಂಚವಾಡದ ಪುಟ್ಟ ಲೇತ್ ಶೆಡ್ಡಿನ ಲೆಕ್ಕದಲ್ಲಿ ಕೂಡುವ 75. ಆ ಶೆಡ್ಡಿನವರು ಸಂಬಳ ಕೊಡಲು ಸಾಲ ಮಾಡುತ್ತಾರೆ, ಅದೂ ದೊಡ್ಡವರಿಗಿಂತ ಹೆಚ್ಚಿನ ಬಡ್ಡಿಗೆ.

ಉದ್ರಿಯೂ ಒಂದು ಒಪ್ಪಂದ, ಅದರ ಬಡ್ಡಿ ಸರಕಿನ ದರದಲ್ಲೇ ಸೇರಿರುತ್ತದೆ ಎಂದು ವಾದಿಸುವವರಿದ್ದಾರೆ. ಸಮಬಲರ ನಡುವೆ ಅದು ನಿಜವಿರಬಹುದು. ಉಳಿದವರ ವಿಷಯದಲ್ಲಿ ಕಾನೂನೇ ಅದನ್ನು ನಂಬಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯಂತೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ ಸಣ್ಣ ಪೂರೈಕೆದಾರರಿಗೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಬಡ್ಡಿ ಕೇಳಿದರೆ ಮುಂದಿನ ಆರ್ಡರ್ ಸಿಗುತ್ತದೆಯೇ? ಕೊನೆಗೆ ಆದಾಯ ತೆರಿಗೆ ಕಾಯ್ದೆಗೇ 43ಬಿ(ಎಚ್) ಸೇರಿಸಬೇಕಾಯಿತು: 2024-25ರ ತೆರಿಗೆ ನಿರ್ಧರಣಾ ವರ್ಷದಿಂದ, ಗಡುವು ಮೀರಿದ ಬಾಕಿಯನ್ನು ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು.

ಕಾನೂನು ತಪ್ಪು ಎಂದದ್ದನ್ನು ಸೂತ್ರ ಜಾಣತನ ಎನ್ನುತ್ತಿದೆ. ಆದ್ದರಿಂದ ವಾರ್ಷಿಕ ವರದಿಗಳು ಮೂರೂ ಸಂಖ್ಯೆಗಳನ್ನು ಬೇರೆಬೇರೆಯಾಗಿ ಅಚ್ಚುಹಾಕಲಿ. ಮೊದಲೆರಡನ್ನು ದಕ್ಷತೆ ಎನ್ನಲಿ. ಮೂರನೆಯದನ್ನು ಅದರ ಹೆಸರಿನಿಂದಲೇ ಕರೆಯಲಿ: ಸಾಲ.