ಸಾಲ ಕೇಳಲಿ, ಮಾನ ಕಳೆಯದಿರಲಿ

ಇತ್ತೀಚೆಗೆ ನಲವತ್ತೈದರ ಆಸುಪಾಸಿನ ಗೃಹಸ್ಥರೊಬ್ಬರು ಹೆಂಡತಿಯೊಡನೆ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ, ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ ಎಂಬುದು ಅವರ ದೂರು. ಇ.ಸಿ.ಜಿ. ಸರಿಯಾಗಿತ್ತು. ಥೈರಾಯ್ಡ್ ಪರೀಕ್ಷೆಯಲ್ಲೂ ದೋಷವಿರಲಿಲ್ಲ. ರಕ್ತದೊತ್ತಡ ಮಾತ್ರ 160/100 ಇತ್ತು. ಮಾತನಾಡುತ್ತಿರುವಾಗಲೇ ಅವರ ಜೇಬಿನಲ್ಲಿದ್ದ ಫೋನು ಸದ್ದು ಮಾಡಿತು. ಅವರ ಮುಖ ಬಿಳಿಚಿಕೊಂಡಿತು, ಫೋನು ತೆಗೆಯಲಿಲ್ಲ. ಹೆಂಡತಿ ಮೆಲ್ಲಗೆ, "ಸಾಲದವರದ್ದು ಡಾಕ್ಟ್ರೇ. ಮೂರು ಕಂತು ಕಟ್ಟೋಕಾಗಿಲ್ಲ. ನಿನ್ನೆ ಇವರ ಆಫೀಸಿಗೆ ಫೋನ್ ಮಾಡಿ ಎಲ್ಲರಿಗೂ ಹೇಳಿಬಿಟ್ಟಿದ್ದಾರೆ. ಊರಲ್ಲಿರೋ ನಮ್ಮಣ್ಣನಿಗೂ ಮಾಡಿದ್ರಂತೆ" ಎಂದರು.

ರೋಗದ ಮೂಲ ಅಲ್ಲಿತ್ತು. ಸಾಲ ವಸೂಲಿಯ ವಿಷಯಕ್ಕೂ ಆರೋಗ್ಯದ ಅಂಕಣಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು.

ಹೆದರಿಕೆಯಾದಾಗ ನಮ್ಮ ದೇಹದಲ್ಲಿ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಹೆಚ್ಚಾಗಿ ಸ್ರವಿಸುತ್ತವೆ. ಹೃದಯದ ಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ ಇದು ಉಪಕಾರಿ. ನಾಯಿ ಹೋದ ಮೇಲೆ ದೇಹ ತಣ್ಣಗಾಗುತ್ತದೆ. ಆದರೆ ದಿನಕ್ಕೆ ಹತ್ತಿಪ್ಪತ್ತು ಸಲ ಬರುವ ಬೆದರಿಕೆಯ ಕರೆಗೆ ಅಂಥ ಬಿಡುವಿಲ್ಲ. ನಿದ್ದೆ ಕೆಡುತ್ತದೆ, ಹೊಟ್ಟೆಯುರಿ ಬರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಹತೋಟಿ ತಪ್ಪುತ್ತದೆ. ಕೆಲವರು ಮದ್ಯದ ಮೊರೆ ಹೋಗುತ್ತಾರೆ. ಕಂತಿಗಾಗಿ ಮಾತ್ರೆಯ ಖರ್ಚನ್ನೇ ಕಡಿತ ಮಾಡುವವರನ್ನೂ ನಾನು ಕಂಡಿದ್ದೇನೆ.

ಇಷ್ಟರಲ್ಲೂ ಒಂದು ವ್ಯತ್ಯಾಸ ಗಮನಿಸಬೇಕು. ಸಾಲದ ಚಿಂತೆಯನ್ನು ಮನುಷ್ಯ ಹೇಗೋ ತಾಳಿಕೊಳ್ಳುತ್ತಾನೆ. ಅವನನ್ನು ಕುಸಿಯುವಂತೆ ಮಾಡುವುದು ಅವಮಾನ. ಪಕ್ಕದ ಮನೆಯವರಿಗೆ, ಕಚೇರಿಯ ಸಹೋದ್ಯೋಗಿಗಳಿಗೆ, ಮಗಳ ಅತ್ತೆಯ ಮನೆಯವರಿಗೆ ವಿಷಯ ತಿಳಿಯಿತು ಎಂಬ ಕ್ಷಣದಲ್ಲಿ ಅವನು ಜನರಿಂದ ದೂರ ಸರಿಯುತ್ತಾನೆ. ಸಹಾಯ ಬೇಕಾದ ಹೊತ್ತಿನಲ್ಲೇ ಒಂಟಿಯಾಗುತ್ತಾನೆ. ದುಡುಕಿನ ಯೋಚನೆಗಳು ಬರುವುದು ಈ ಒಂಟಿತನದಲ್ಲಿ.

ನಿಯಮ ಏನು ಹೇಳುತ್ತದೆ?

ಸಾಲ ಕೊಟ್ಟವರಿಗೆ ಹಣ ಕೇಳುವ ಹಕ್ಕಿದೆ. ಅದರಲ್ಲಿ ಎರಡು ಮಾತಿಲ್ಲ. ಬ್ಯಾಂಕಿನ ಹಣವೆಂದರೆ ಠೇವಣಿ ಇಟ್ಟ ನಮ್ಮ ನಿಮ್ಮಂಥವರ ಹಣವೇ. ಆದರೆ ಕೇಳುವುದಕ್ಕೂ ಒಂದು ರೀತಿಯಿದೆ. 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು ಇದನ್ನು ಸ್ಪಷ್ಟವಾಗಿ ಹೇಳಿತು. ಬಾಕಿ ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದು. ಮಾತಿನಿಂದಾಗಲಿ ಕೈಯಿಂದಾಗಲಿ ಕಿರುಕುಳ ಕೊಡಬಾರದು. ಸಾಲಗಾರನನ್ನು ನಾಲ್ಕು ಜನರ ಮುಂದೆ ಅವಮಾನಿಸಬಾರದು. ಅವನ ಮನೆಯವರ, ಸ್ನೇಹಿತರ, ಪರಿಚಯಕ್ಕೆಂದು ಹೆಸರು ಕೊಟ್ಟವರ ಖಾಸಗಿ ಬದುಕಿನಲ್ಲಿ ತಲೆಹಾಕಬಾರದು. ಏಜೆಂಟನ ತಪ್ಪಿಗೆ ಅವನನ್ನು ನೇಮಿಸಿದ ಸಂಸ್ಥೆಯೇ ಹೊಣೆ.

ಕಿರುಸಾಲಕ್ಕೆ ನಿಯಮ ಇನ್ನೂ ಬಿಗಿ. 2022ರ ಮಾರ್ಚ್‌ನ ನಿರ್ದೇಶನದ ಪ್ರಕಾರ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ಇಬ್ಬರೂ ಒಪ್ಪಿದ ಸ್ಥಳದಲ್ಲಿ ಕಂತು ಪಡೆಯಬೇಕು. ಸಾಲಗಾರರು ಸತತ ಎರಡು ಸಲ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಹೋಗಬಹುದು. ಮೊಬೈಲ್ ಆ್ಯಪ್‌ಗಳು ಸಾಲ ಕೊಡುವ ನೆಪದಲ್ಲಿ ಫೋನಿನಲ್ಲಿರುವ ಹೆಸರುಗಳ ಪಟ್ಟಿಗೆ, ಫೋಟೋಗಳಿಗೆ ಕೈಹಾಕುವುದನ್ನೂ 2022ರಲ್ಲೇ ರಿಸರ್ವ್ ಬ್ಯಾಂಕು ನಿಷೇಧಿಸಿತು.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ನಾವು ಹೆಮ್ಮೆ ಪಡಬೇಕಾದ ವಿಷಯ. ಹೀಗಿದ್ದೂ 2025ರ ಆರಂಭದಲ್ಲಿ ಚಾಮರಾಜನಗರ ಮೊದಲಾದ ಜಿಲ್ಲೆಗಳ ಹಳ್ಳಿಗಳಲ್ಲಿ ಕಿರುಸಾಲದ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿಗಳನ್ನು ನಾವು ಓದಿದೆವು. ಆ ವರ್ಷ ಫೆಬ್ರವರಿ 12ರಂದು ರಾಜ್ಯದಲ್ಲಿ ಸುಗ್ರೀವಾಜ್ಞೆ ಜಾರಿಗೆ ಬಂತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದಾಯಿತು.

ವೈದ್ಯನ ಮಾತು

ನಿಯಮಗಳಿಗೆ ಕೊರತೆಯಿಲ್ಲ, ಅವು ಫೋನಿನ ಆ ತುದಿಯಲ್ಲಿರುವ ಹುಡುಗನವರೆಗೆ ಮುಟ್ಟುತ್ತಿಲ್ಲ. ಅವನೂ ಪಾಪ, ಇಂತಿಷ್ಟು ವಸೂಲಿ ಮಾಡಿದರಷ್ಟೇ ಸಂಬಳ ಎಂಬ ಒತ್ತಡದಲ್ಲಿರುವವನು. ಆದ್ದರಿಂದ ವಸೂಲಾದ ಮೊತ್ತವನ್ನು ಮಾತ್ರ ನೋಡಿ ಕೂಲಿ ಕೊಡುವ ಪದ್ಧತಿ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ರೋಗಿಯ ಕಾಯಿಲೆಯನ್ನು ನಾನು ಅವರ ನೆರೆಮನೆಗೆ ಹೇಳಿದರೆ ಅದು ವೃತ್ತಿದ್ರೋಹ. ಗ್ರಾಹಕರ ವ್ಯವಹಾರವನ್ನು ಗುಟ್ಟಾಗಿಡಬೇಕೆಂಬ ಕಟ್ಟಳೆ ಬ್ಯಾಂಕುಗಳ ರಾಷ್ಟ್ರೀಕರಣದ 1970ರ ಕಾಯ್ದೆಯಲ್ಲೇ ಇದೆ. ಸಾಲ ಕೊಡುವ ಎಲ್ಲರಿಗೂ ಇದೇ ಧರ್ಮ.

ನಮ್ಮ ಸಮಾಜಕ್ಕೂ ಒಂದು ಮಾತು. ಯಾರಾದರೂ ನಿಮಗೆ ಫೋನು ಮಾಡಿ ನಿಮ್ಮ ಸಹೋದ್ಯೋಗಿಯ ಸಾಲದ ಪುರಾಣ ಬಿಚ್ಚಿದರೆ ಕೇಳಿಸಿಕೊಳ್ಳಬೇಡಿ. "ಇದನ್ನು ನನಗೆ ಹೇಳುವ ಅಧಿಕಾರ ನಿಮಗಿಲ್ಲ" ಎಂದು ಫೋನು ಇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು ಎಂಬ ಬುದ್ಧಿಮಾತನ್ನು ಆ ದಿನ ಹೇಳುವುದೂ ಬೇಡ. ಬಹಳ ಮನೆಗಳಲ್ಲಿ ಸಾಲವಾದದ್ದು ಆಸ್ಪತ್ರೆಯ ಬಿಲ್ಲಿಗಾಗಿ, ಮಕ್ಕಳ ಫೀಸಿಗಾಗಿ.

ಇಂಥ ತೊಂದರೆಯಲ್ಲಿರುವವರು

• ಎಲ್ಲ ಕರೆಗಳಿಂದ ತಪ್ಪಿಸಿಕೊಳ್ಳಬೇಡಿ. ಸಾಲ ಕೊಟ್ಟ ಶಾಖೆಗೆ ನೀವೇ ಪತ್ರ ಬರೆದು, ಕಂತು ತಪ್ಪಿದ ಕಾರಣ ತಿಳಿಸಿ, ಕಂತಿನ ಮೊತ್ತ ಅಥವಾ ಅವಧಿ ಬದಲಿಸಲು ಕೋರಿ. ಪತ್ರದ ಪ್ರತಿ ಇಟ್ಟುಕೊಳ್ಳಿ.

• ಮನೆಗೆ ಬಂದವರ ಗುರುತಿನ ಚೀಟಿ ಮತ್ತು ಸಂಸ್ಥೆಯ ಅಧಿಕಾರ ಪತ್ರ ಕೇಳಿ ನೋಡಿ. ಕರೆ ಬಂದ ದಿನ, ಗಂಟೆ, ಸಂಖ್ಯೆ, ಆಡಿದ ಮಾತು ಬರೆದಿಡಿ.

• ಜಾಮೀನು ಹಾಕಿದವರನ್ನು ಹಣ ಕೇಳಬಹುದು. ಪರಿಚಯಕ್ಕೆಂದು ಹೆಸರು ಕೊಟ್ಟವರಿಗೆ ಸಾಲ ತೀರಿಸುವ ಹೊಣೆಯಿಲ್ಲ.

• ಮೊದಲು ಸಂಸ್ಥೆಗೇ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಮಾಹಿತಿಗೆ 14448. ಬೆದರಿಕೆ, ಹಲ್ಲೆಯಾದರೆ ನೇರ ಪೊಲೀಸ್ ಠಾಣೆಗೆ ಹೋಗಿ.

• ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಬೇಡಿ. ಖರ್ಚಿನ ಕಷ್ಟವಿದ್ದರೆ ವೈದ್ಯರಿಗೆ ಹೇಳಿ. ಕಡಿಮೆ ಬೆಲೆಯ ಮಾತ್ರೆ ಬರೆದುಕೊಡಬಹುದು, ಸರ್ಕಾರಿ ಆಸ್ಪತ್ರೆಯಲ್ಲೂ ಸಿಗುತ್ತದೆ.

• ಬದುಕೇ ಬೇಡವೆನಿಸಿದರೆ 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ಈ ಉಚಿತ ಟೆಲಿ ಮನಸ್ ಸೇವೆ ಹಗಲೂ ರಾತ್ರಿಯೂ ಇದೆ. ಕನ್ನಡದಲ್ಲೇ ಮಾತನಾಡಬಹುದು.

ಕೊನೆಯದಾಗಿ ಒಂದು ಮಾತು. ಖಾಸಗಿತನವೆಂದರೆ ಹೊರಗಿನವರಿಂದ ರಕ್ಷಣೆ, ಮನೆಯವರಿಂದ ಮುಚ್ಚಿಡುವುದಲ್ಲ. ಆ ಗೃಹಸ್ಥರ ಹೆಂಡತಿಗೆ ಸಾಲದ ವಿಷಯ ಮೊದಲು ತಿಳಿದದ್ದು ವಸೂಲಿಯವನ ಬಾಯಿಂದ. ಗಂಡನೇ ಹೇಳಿದ್ದರೆ ಅರ್ಧ ಭಾರ ಅಂದೇ ಇಳಿಯುತ್ತಿತ್ತು. ಅವರಿಗೆ ನಾನು ಬಿ.ಪಿ. ಮಾತ್ರೆ ಬರೆದುಕೊಟ್ಟೆ, ಸಂಸ್ಥೆಗೆ ಕೊಡಬೇಕಾದ ದೂರನ್ನು ಗಂಡಹೆಂಡತಿ ಇಬ್ಬರೂ ಅಲ್ಲೇ ಕುಳಿತು ಬರೆದರು. ತಿಂಗಳ ನಂತರ ಬಂದಾಗ ರಕ್ತದೊತ್ತಡ 136/86 ಇತ್ತು. ಸಾಲ ಇನ್ನೂ ತೀರಿರಲಿಲ್ಲ. ಆದರೆ ಕರೆ ಹಗಲು ಹೊತ್ತಿನಲ್ಲಿ ಮಾತ್ರ, ಅವರೊಬ್ಬರಿಗೆ ಮಾತ್ರ ಬರುತ್ತಿತ್ತು. ಅವರು ಫೋನು ತೆಗೆದು ಉತ್ತರಿಸುತ್ತಿದ್ದರು.